ಸುಣ್ಣದ ಹೆಜ್ಜೆ

ರಾಯಲ್ಪಾಡಿನಿಂದಾಚೆ, ಇನ್ನೊಂದು ಕೂಗಳತೆ ನಡೆದರೆ ನಾಯಿಗಳೂ ತೆಲುಗಿನಲ್ಲೇ ಬೊಗಳುತ್ತವೆ ಎಂದು ಜನ ನಗೆಯಾಡುವ ಜಾಗದಲ್ಲಿ ಸುಬ್ಬರಾಯಪ್ಪನ ಹಿಪ್ಪುನೇರಳೆ ತೋಟವಿತ್ತು. ತೋಟದ ಈ ತುದಿಗೆ ಮನೆ, ಆ ತುದಿಗೆ ರೇಷ್ಮೆ ಹುಳು ಸಾಕುವ ಹುಳುಮನೆ. ನಡುವೆ ಒಂದು ಕಾಲುದಾರಿ, ಒಂದು ಹೊಂಗೆಮರ, ಒಂದು ನೀರಿನ ತೊಟ್ಟಿ. ಇಲ್ಲಿ ಕೆಮ್ಮಿದರೆ ಅಲ್ಲಿಗೆ ಕೇಳಿಸುವಷ್ಟೇ ದೂರ. ಆದರೆ ಅವನ ಹೆಂಡತಿ ಭಾರತಮ್ಮನಿಗೆ ಎರಡು ವರ್ಷದಿಂದ ಅದು ಏಳು ಸಮುದ್ರ, ಏಳು ಬೆಟ್ಟದಾಚೆಯ ದೂರವಾಗಿತ್ತು.

ಹುಳು ಸಾಕುವವರಿಗೆ ದೇವರ ಕೋಣೆಗಿಂತ ಹುಳುಮನೆಯ ಮಡಿ ಹೆಚ್ಚು. ಒಗ್ಗರಣೆ ಘಾಟು ಅತ್ತ ಸುಳಿಯಬಾರದು. ಬೀಡಿ, ಊದುಬತ್ತಿ, ತಲೆಗೆ ಹಚ್ಚಿದ ಘಮಘಮ ಎಣ್ಣೆ ಯಾವುದೂ ಹೊಸ್ತಿಲು ದಾಟಬಾರದು. ಬಾಗಿಲಲ್ಲಿ ಗೋಣಿತಾಟು ಹಾಸಿ ಸುಣ್ಣದ ಪುಡಿ ಹರಡಿರುತ್ತಾರೆ. ಹೋಗುವವರು ಬರುವವರು ಅದನ್ನು ತುಳಿದೇ ಹೋಗಬೇಕು. ಹುಳು ಬೆಳೆಯುತ್ತಾ ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಮೂರನೇ ಜ್ವರ ಎದ್ದಾಗಿನಿಂದ ಗೂಡು ಬಿಡಿಸುವ ತನಕ, ಹುಳು ನೋಡುವವರು ಗಂಡನಾಗಲಿ ಹೆಂಡತಿಯಾಗಲಿ ಜೋಡಿಯ ಮಗ್ಗುಲಲ್ಲಿ ಮಲಗಬಾರದು. ಮಲಗಿದರೆ ಹುಳು ಮುನಿದು ದಾರ ಬಿಡದೆ ಸಾಯುತ್ತದೆ ಎಂದು ನಂಬಿಕೆ.

ಈ ನೇಮ ಮುರಿಯುವುದರಲ್ಲಿ ಒಂದು ಕಾಲಕ್ಕೆ ಸುಬ್ಬರಾಯಪ್ಪ ಊರಿಗೇ ಜಾಣನಾಗಿದ್ದ. ಭಾರತಮ್ಮ ಹೊಸ ಸೊಸೆಯಾಗಿ ಬಂದ ವರ್ಷ, ಬೆಳಗಾಗುತ್ತಲೂ ಅತ್ತೆ ಪೊರಕೆ ಹಿಡಿದು ಅಂಗಳಕ್ಕಿಳಿದರೆ, ಹುಳುಮನೆಯ ಬಾಗಿಲಿಂದ ಸೊಸೆಯ ಕೋಣೆಯ ಬಾಗಿಲ ತನಕ ಬೆಳ್ಳನೆ ಸುಣ್ಣದ ಹೆಜ್ಜೆ ಸಾಲುಗಟ್ಟಿರುತ್ತಿದ್ದವು. ಜ್ವರ ಹುಳಕ್ಕಲ್ಲ, ನನ್ನ ಮಗನಿಗೆ ಬಂದಿರೋದು ಎಂದು ಅತ್ತೆ ಊರಿಗೆ ಕೇಳುವಂತೆ ಗೊಣಗುತ್ತಿದ್ದಳು. ಭಾರತಮ್ಮ ತಲೆ ತಗ್ಗಿಸಿ ಒದ್ದೆ ಬಟ್ಟೆಯಿಂದ ಆ ಹೆಜ್ಜೆಗಳನ್ನು ಒರೆಸುತ್ತಿದ್ದಳು. ಒರೆಸಿದಷ್ಟೂ ಸುಣ್ಣ ನೆಲಕ್ಕೆ ಹತ್ತಿ ಇನ್ನೂ ಬೆಳ್ಳಗಾಗುತ್ತಿತ್ತು. ಹುಳು ಮಾತ್ರ ಯಾವತ್ತೂ ಮುನಿಯಲಿಲ್ಲ. ಆ ವರ್ಷದ ಗೂಡು ಬೆಳ್ಳಿ ಬಟ್ಟಲಂತೆ ಗಟ್ಟಿಯಾಗಿ ಬಂದಿತ್ತು.

ಅಂಥ ಗಂಡ, ಅರವತ್ತು ದಾಟಿದ ಮೇಲೆ, ಇದ್ದಕ್ಕಿದ್ದಂತೆ ನೇಮಕ್ಕೆ ಬಿದ್ದ. ಆ ವರ್ಷದ ಮೊದಲ ಹುಳುಬೆಳೆಗೆ ಹುಳುಮನೆಗೆ ಹೋಗಿ ಮಲಗಿದವನು ಗೂಡು ಮಾರಿಬಂದ ಮೇಲೂ ಮನೆಗೆ ಬರಲಿಲ್ಲ. ಕೇಳಿದರೆ ಇಲಿ ಕಾಟ ಅಂದ. ಇಲಿಗೆ ಬೋನು ಇಟ್ಟಾದ ಮೇಲೆ ಪಂಪ್‌ಸೆಟ್ಟಿಗೆ ಕಾವಲು ಅಂದ. ಊಟಕ್ಕೆ ಬರುತ್ತಿದ್ದ, ಬೆಳೆಯ ಮಾತಾಡುತ್ತಿದ್ದ, ಕೈ ತೊಳೆದು ಹೊರಟುಬಿಡುತ್ತಿದ್ದ. ಬೇಲಿಯಾಚೆ ಮನೆಯ ವೆಂಕಟರತ್ನಮ್ಮ, ಗಂಡ ಸತ್ತ ಮೇಲೆ ಒಬ್ಬಳೇ ದುಡಿದು ಉಣ್ಣುವ ಹೆಂಗಸು, ನಿಮ್ಮಾಯನದು ಋಷಿ ಬಾಳು ಕಣಕ್ಕಾ ಎಂದು ಅವಳ ಗಂಡನನ್ನು ಹೊಗಳುತ್ತಿದ್ದಳು. ಋಷಿಯ ಹೆಂಡತಿಯ ಬಾಳು ಹೇಗಿರುತ್ತದೆಂದು ಯಾರೂ ಕೇಳಲಿಲ್ಲ. ಭಾರತಮ್ಮ ಚಾಪೆಯ ಅರ್ಧವನ್ನು ಬಿಟ್ಟೇ ಮಲಗುತ್ತಿದ್ದಳು. ಆ ಅರ್ಧ ಚಾಪೆ ಹೊಸದರಂತೆಯೇ ಉಳಿದಿತ್ತು.

ಅವಳ ಅಜ್ಜಿ ಹೇಳುತ್ತಿದ್ದ ಒಂದು ಕಥೆ ಈಗೀಗ ತಾನಾಗಿ ನೆನಪಾಗುತ್ತಿತ್ತು. ಒಬ್ಬ ರಾಜನಂತೆ. ರಾಣಿಗೆ ಹೇಳಲಾಗದ ದುಃಖವೊಂದು ಅವನಿಗೆ ಗಂಟು ಬಿತ್ತಂತೆ. ನುಂಗಿದ ಮಾತೆಲ್ಲ ಬಾಯಿಂದ ದಾರವಾಗಿ ಬಂದು, ಆ ದಾರವನ್ನು ಸುತ್ತಿ ಸುತ್ತಿ ಅವನು ಕಿಟಕಿಯಿಲ್ಲದ ಅರಮನೆ ಕಟ್ಟಿ ಒಳಗೆ ಕೂತನಂತೆ. ರಾಣಿ ಹೊರಗೆ ಕೂತು ಕಾಗೆಯನ್ನು ಕೇಳಿದಳಂತೆ, ಇರುವೆಯನ್ನು ಕೇಳಿದಳಂತೆ. ಕೊಯ್ದರೆ ದಾರ ಹಾಳು, ಬಿಟ್ಟರೆ ರಾಜ ಹಾಳು, ಏನು ಮಾಡಲಿ ಎಂದಳಂತೆ. ಅಷ್ಟು ಹೊತ್ತಿಗೆ ಅಜ್ಜಿಗೆ ನಿದ್ದೆ ಬರುತ್ತಿತ್ತು. ಮಿಕ್ಕಿದ್ದು ನಾಳೆ ಅನ್ನುತ್ತಿದ್ದಳು. ಆ ನಾಳೆ ಬರುವ ಮುಂಚೆ ಅಜ್ಜಿಯೇ ಹೊರಟುಹೋದಳು.

ಆಷಾಢದ ಬೆಳೆಯಲ್ಲಿ ಒಂದು ದಿನ ಬೆಳಿಗ್ಗೆ, ಹನಿ ಉದುರಿ ನೆಲ ನೆಂದಿತ್ತು. ಭಾರತಮ್ಮ ಚೊಂಬಿನಲ್ಲಿ ರಾಗಿ ಅಂಬಲಿ ತುಂಬಿಕೊಂಡು ಹುಳುಮನೆಗೆ ಹೋದಳು. ಬಾಗಿಲ ಮುಂದೆ ಕಾಲು ನಿಂತುಬಿಟ್ಟಿತು. ಹೊಸ್ತಿಲಿಂದ ಸುಣ್ಣದ ಹೆಜ್ಜೆಗಳು ಹೊರಟಿದ್ದವು. ಮನೆಯ ಕಡೆಗಲ್ಲ. ಎಡಕ್ಕೆ ತಿರುಗಿ, ಹೊಂಗೆಮರ ಬಳಸಿ, ಬೇಲಿಯ ಕಡೆಗೆ. ಒಂದು ಸಾಲಲ್ಲ, ಹೆಜ್ಜೆಯ ಮೇಲೆ ಹೆಜ್ಜೆ ಬಿದ್ದು ದಾರಿಯೇ ಬೆಳ್ಳಗಾಗಿತ್ತು. ಬೇಲಿಯಾಚೆಗಿರುವುದು ವೆಂಕಟರತ್ನಮ್ಮನ ಮನೆ.

ಸುಣ್ಣದ ಹೆಜ್ಜೆ ಎಲ್ಲಿಗೆ ಹೋಗುತ್ತದೆಂದು ಭಾರತಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದೆಯೊಳಗೆ ಒಲೆ ಹತ್ತಿಕೊಂಡಿತು. ಚೊಂಬನ್ನು ಅಲ್ಲೇ ಇಟ್ಟು, ಬೇಲಿಯ ಸಂದಿನಲ್ಲಿ ನುಸುಳಿ, ವೆಂಕಟರತ್ನಮ್ಮನ ಅಂಗಳದಲ್ಲಿ ಹೋಗಿ ನಿಂತಳು. ಅವಳು ಹಸುವಿನ ಕೆಚ್ಚಲು ತೊಳೆಯುತ್ತಿದ್ದಳು.

"ಏಮಕ್ಕಾ, ಪೊದ್ದುನ್ನೇ ಎವರಿನಿ ವೆತುಕ್ಕುಂಟಾ ವಸ್ತಿವಿ?"

ಯಾರನ್ನು ಹುಡುಕಿಕೊಂಡು ಬಂದೆ ಎಂದು ಕೇಳಿದರೆ ಏನು ಹೇಳುವುದು. ಕೋಳಿ ಕಾಣ್ತಿಲ್ಲ ಎಂದಳು ಭಾರತಮ್ಮ.

"ಕೋಳಿಯಾ, ಹುಂಜಾನಾ?" ವೆಂಕಟರತ್ನಮ್ಮ ನಕ್ಕಳು. ನಗುವಿನಲ್ಲಿ ಕಳ್ಳತನದ ಕುರುಹಿರಲಿಲ್ಲ. ಸಾರಿಸಿದ ಅಂಗಳ ಹನಿಗೆ ನೆಂದಿತ್ತು. ಅದರ ಮೇಲೆ ಒಂದೇ ಒಂದು ಬಿಳಿ ಚುಕ್ಕೆಯೂ ಇರಲಿಲ್ಲ.

ನಾಚಿಕೆಯಿಂದ ಹಿಂತಿರುಗಿದವಳು ಈಗ ನೆಲ ನೋಡಿಕೊಂಡು ನಡೆದಳು. ಹೆಜ್ಜೆಗಳೆಲ್ಲ ಬೇಲಿಯ ಈಚೆಗೇ ನಿಂತಿದ್ದವು. ಒಂದೂ ದಾಟಿರಲಿಲ್ಲ. ಕಲ್ಲುಕಂಬದ ಪಕ್ಕ ಎರಡು ಪಾದ ಆಳವಾಗಿ ಒತ್ತಿ, ಬಹಳ ಹೊತ್ತು ಒಂದೇ ಕಡೆ ನಿಂತಂತೆ ಗುಳಿ ಬಿದ್ದಿತ್ತು. ಅಷ್ಟರಲ್ಲಿ ಹುಳುಮನೆಯ ಬಾಗಿಲು ಕಿರುಗುಟ್ಟಿತು. ಭಾರತಮ್ಮ ಹೊಂಗೆಮರದ ಮರೆಗೆ ಸರಿದಳು. ಸುಬ್ಬರಾಯಪ್ಪ ಅವಸರವಾಗಿ ಬಂದ. ಬಂದವನು ಕಂಬಕ್ಕೆ ಒಂದು ಕೈ ಕೊಟ್ಟು, ಬಗ್ಗಿ, ನಿಂತ. ಒಲೆಯ ಮೇಲಿನ ಹಾಲು ಉಕ್ಕಿ ಇಳಿಯುವಷ್ಟು ಹೊತ್ತು ನಿಂತ. ಹನಿ ಹನಿಯಾಗಿ ಬಿದ್ದ ಸದ್ದು, ನಿಂತ ಸದ್ದು, ಮತ್ತೆ ಬಿದ್ದ ಸದ್ದು. ಮುಖ ಆಕಾಶಕ್ಕೆತ್ತಿ ಹಲ್ಲು ಕಚ್ಚಿದ್ದ. ಒಳಗೆ ಹೋದ. ಅವಳು ಉಸಿರು ಬಿಡುವಷ್ಟರಲ್ಲಿ ಮತ್ತೆ ಬಂದ.

ಅವಳಿಗೆ ಮೊದಲು ಬಂದದ್ದು ನೆಮ್ಮದಿ. ಬೇರೆ ಹೆಂಗಸಲ್ಲ. ಆ ನೆಮ್ಮದಿಯ ಬೆನ್ನಿಗೇ ಹೆದರಿಕೆ ಬಂದು ಕೂತಿತು. ಮತ್ತೆ ಎದ್ದು ಹೋಗಲಿಲ್ಲ.

ಕೇಳಿದರೆ ಅವನು, ವಯಸ್ಸಾಯ್ತು ಕಣೇ, ಹಳೇ ಕೊಳಾಯಿ, ತುಕ್ಕು ಹಿಡಿದಿದೆ ಎಂದು ಮಾತು ತೇಲಿಸಿದ. ಅವಳು ಬಾರ್ಲಿ ಗಂಜಿ ಕಾಯಿಸಿ ಕೊಟ್ಟಳು, ಎಳನೀರು ಕೊಟ್ಟಳು. ಕುಡಿದಷ್ಟೂ ಅವನಿಗೆ ಓಡಾಟ ಹೆಚ್ಚಿತು. ಆಸ್ಪತ್ರೆ ಅಂದರೆ ಹುಳು ಬಿಟ್ಟು ಬರುವುದು ಹೇಗೆ ಅಂದ.

ಈ ಗಂಟು ಬಿಚ್ಚಿದವನು ಮುಳಬಾಗಿಲಿನ ಖುದ್ದೂಸ್. ಗೂಡು ಕೊಂಡು ಬಿಸಿನೀರಿಗೆ ಹಾಕಿ ನೂಲು ತೆಗೆಯುವುದು ಅವರ ಮನೆತನದ ಕಸುಬು. ಸುಬ್ಬರಾಯಪ್ಪನ ಗೂಡು ಅಂದರೆ ಅವನಿಗೆ ಪ್ರಾಣ, ಸುಬ್ಬರಾಯಪ್ಪ ಅಂದರೆ ಅದಕ್ಕೂ ಹೆಚ್ಚು. ಆ ಸಲ ಬೆಳೆ ನೋಡಲು ಬಂದವನು ತೊಟ್ಟಿಯ ಕಟ್ಟೆಯ ಮೇಲೆ ಕೂತು ಟೀ ಕುಡಿದ. ಆ ಒಂದು ಲೋಟ ಟೀ ಮುಗಿಯುವುದರೊಳಗೆ ಗೆಳೆಯ ಮತ್ತೆ ಮತ್ತೆ ಎದ್ದು ಹೋದದ್ದನ್ನು ನೋಡಿದ. ಭಾರತಮ್ಮ ತೊಟ್ಟಿಯ ಈಚೆ ಬದಿಗೆ ಸೊಪ್ಪಿನ ಕಂತೆಗೆ ನೀರು ಚಿಮುಕಿಸುತ್ತಿದ್ದಳು, ಎಲ್ಲ ಕೇಳಿಸಿತು.

"ರಾಯಪ್ಪಣ್ಣ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಧಾರೆ ಗೋಡೆ ಮುಟ್ಟುತ್ತಾ, ಕಾಲ ಮೇಲೆ ಬೀಳುತ್ತಾ?"

"ಲೇ ಖುದ್ದೂಸ, ನೀನು ಗೂಡು ನೋಡೋಕೆ ಬಂದ್ಯೋ ಇದನ್ನ ನೋಡೋಕೆ ಬಂದ್ಯೋ?"

"ನನ್ದೂ ಕಾಲ ಮೇಲೇ ಬೀಳ್ತಿತ್ತು. ಪಾಯಿಜಾಮ ಒದ್ದೆ ಆದಾಗೆಲ್ಲ ಬೀಬಿಜಾನ್‌ಗೆ ನಲ್ಲಿ ನೀರು ಸಿಡೀತು ಅಂತ ಸುಳ್ಳು ಹೇಳ್ದೆ. ನಮ್ಮ ಬೀದೀಲಿ ನಲ್ಲಿ ನೀರು ಬಿಡೋದು ವಾರಕ್ಕೊಂದ್ಸಲ ಅಂತ ಅವಳಿಗೆ ಗೊತ್ತಿಲ್ವಾ."

ಸುಬ್ಬರಾಯಪ್ಪ ನಗಲು ಹೋಗಿ ನಗಲಿಲ್ಲ. ಖುದ್ದೂಸ್ ದನಿ ತಗ್ಗಿಸಿ ತನ್ನ ಕಥೆ ಹೇಳಿದ. ಇಡೀ ಊರಿಗೆ ಹರ್ನಿಯಾ ಆಪರೇಷನ್ ಎಂದು ಹೇಳಿಕೊಂಡದ್ದು ಹರ್ನಿಯಾ ಅಲ್ಲವಂತೆ. ಪ್ರಾಸ್ಟೇಟ್ ಅಂತ ಗಂಡಸರಿಗೆ ಮಾತ್ರ ಇರುವ ಒಂದು ಗ್ರಂಥಿಯಂತೆ, ಅದರಲ್ಲಿ ಕ್ಯಾನ್ಸರ್ ಇತ್ತಂತೆ, ಬೇಗ ಸಿಕ್ಕಿತಂತೆ, ತೆಗೆದುಹಾಕಿದರಂತೆ. ಆಮೇಲೆ ಸುಮಾರು ದಿನ ಕೂಸಿನ ಹಾಗೆ ಪ್ಯಾಡ್ ಕಟ್ಟಿಕೊಂಡೇ ಮಸೀದಿಗೆ ಹೋಗಿದ್ದನಂತೆ. ಮುದುಕರಿಗೆಲ್ಲ ಆ ಗ್ರಂಥಿ ಊದುತ್ತೆ, ಊದಿದ್ದೆಲ್ಲ ಕ್ಯಾನ್ಸರ್ ಅಲ್ಲ, ಅದು ಯಾವುದು ಅಂತ ಪರೀಕ್ಷೆ ಮಾಡಿದರೇ ತಿಳಿಯೋದು ಎಂದ. ಡಾಕ್ಟರು ಬೆರಳು ಹಾಕಿ ನೋಡ್ತಾರೆ, ಕಣ್ಣು ಮುಚ್ಕೊಂಡು ನಿನ್ನ ಮಾವನ ಮನೆ ನೆನಸ್ಕೋ, ಅಷ್ಟರಲ್ಲಿ ಮುಗಿದಿರುತ್ತೆ ಎಂದೂ ಹೇಳಿದ.

ಆ ಬೆಳೆಯ ಗೂಡು ಬಿಡಿಸಿದ ಮಾರನೆ ದಿನ ಮೂವರೂ ಕೋಲಾರದ ಬಸ್ಸು ಹತ್ತಿದರು. ಅಲ್ಲಿಯ ಡಾಕ್ಟರು ಚಿಕ್ಕ ವಯಸ್ಸಿನವರು, ತಾಳ್ಮೆಯವರು. ರಕ್ತ ತೆಗೆದರು, ಪಿಎಸ್ಎ ಅನ್ನುವುದೊಂದು ಇರಬೇಕಾದ್ದಕ್ಕಿಂತ ಬಹಳ ಏರಿತ್ತು. ಬೆರಳಿಗೆ ಗಟ್ಟಿ ಗಂಟು ಸಿಕ್ಕಿತು. ಸ್ಕ್ಯಾನ್ ಮಾಡಿ, ಸೂಜಿಯಿಂದ ಚೂರು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮತ್ತೆ ಕರೆದಾಗ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು: ಮೇಲೆ ಗಡಿಗೆಯಂಥ ಮೂತ್ರಕೋಶ, ಅದರ ಕೆಳಗೆ ಬೆಟ್ಟದ ನೆಲ್ಲಿಕಾಯಿಯಂಥ ಗ್ರಂಥಿ, ನೆಲ್ಲಿಕಾಯಿಯ ನಡುವೆ ಹಾದುಬರುವ ಕೊಳವೆ. ನೆಲ್ಲಿಕಾಯಿ ಬೆಳೆದರೆ ಕೊಳವೆಯನ್ನು ಅಮುಕುತ್ತದೆ, ಅದಕ್ಕೇ ಧಾರೆ ಸಣ್ಣ. ನಿಮ್ಮದು ಕ್ಯಾನ್ಸರ್ರೇ, ಸ್ವಲ್ಪ ಜೋರಿನದು, ಗ್ರಂಥಿಯ ಗೋಡೆ ದಾಟಲು ನೋಡುತ್ತಿದೆ, ಆದರೆ ಮೂಳೆಗೆ ಹೋಗಿಲ್ಲ, ಹೊತ್ತು ಮೀರಿಲ್ಲ ಎಂದರು. ಕರೆಂಟು, ಅಂದರೆ ಕಿರಣ, ಕೊಡಬೇಕು, ಜೊತೆಗೆ ಮೂರು ತಿಂಗಳಿಗೊಂದು ಇಂಜೆಕ್ಷನ್. ಗಂಡಸಿನ ಮೈಯಲ್ಲಿ ಊರುವ ಗಂಡು ರಸವನ್ನು ತಿಂದೇ ಈ ರೋಗ ಬೆಳೆಯುವುದು. ಇಂಜೆಕ್ಷನ್ ಆ ರಸವನ್ನು ನಿಲ್ಲಿಸುತ್ತದೆ.

ಸೊಪ್ಪು ಹಾಕೋದು ನಿಲ್ಸೋದು ಎಂದು ಸುಬ್ಬರಾಯಪ್ಪ ಮೆಲ್ಲಗೆ ಅಂದ. ಡಾಕ್ಟರಿಗೆ ಅರ್ಥವಾಗಲಿಲ್ಲ. ಭಾರತಮ್ಮನಿಗಾಯಿತು.

ಆಮೇಲೆ ಡಾಕ್ಟರು ಅವಳತ್ತ ನೋಡದೆ, ಮೇಜಿನತ್ತ ನೋಡುತ್ತಾ, ಇಂಜೆಕ್ಷನ್ ತಗೊಳ್ಳುವಷ್ಟು ಕಾಲ ಗಂಡಹೆಂಡಿರ ಆಸೆ ಇರೋದಿಲ್ಲ, ಶಕ್ತಿಯೂ ಇರೋದಿಲ್ಲ, ನಿಲ್ಲಿಸಿದ ಮೇಲೆ ಕೆಲವರಿಗೆ ಬರುತ್ತೆ, ಕೆಲವರಿಗೆ ಬರೋದಿಲ್ಲ ಎಂದರು. ಸುಬ್ಬರಾಯಪ್ಪ ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡ. ಯೋಚನೆ ಮಾಡಿ ಬರ್ತೀನಿ ಸಾರ್ ಎಂದ.

ಮಾಡಿದ ಯೋಚನೆ ಏನೆಂದರೆ ಹೊಸ ಬೆಳೆಗೆ ಚಾಕಿಯ ಮರಿಹುಳು ತಂದು ತಟ್ಟೆಗೆ ಬಿಟ್ಟ. ಮಾಲೂರಿನಲ್ಲಿರುವ ಮಗಳು ಚಂದನ ಫೋನಿನಲ್ಲಿ ಅತ್ತಳು. ಅಳಿಯ ಮುರಳಿಮೋಹನ್ ಗದರಿದ ಹಾಗೆ ಬೇಡಿಕೊಂಡ. ಖುದ್ದೂಸನ ಹೆಂಡತಿ ಬೀಬಿಜಾನ್ ಮುಳಬಾಗಿಲಿನಿಂದ ಬಂದು ಅಡುಗೆಮನೆಯಲ್ಲಿ ಭಾರತಮ್ಮನ ಕೈ ಹಿಡಿದು ಕೂತಳು. ಆಪರೇಷನ್ ಆದ ಮೇಲೆ ತನ್ನ ಗಂಡ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದುದನ್ನು ಹೇಳಿದಳು. ನಾನೇನು ಮಾಡ್ದೆ ಗೊತ್ತಾ, ಹಾಸಿಗೆನೇ ಎತ್ತಿ ಗೋಡೆ ಕಡೆಗೆ ನನ್ನ ಜಾಗ ಮಾಡ್ಕೊಂಡೆ ಎಂದಳು. ಇಬ್ಬರೂ ನಕ್ಕು, ಅದೇ ಉಸಿರಿನಲ್ಲಿ ಕಣ್ಣೊರೆಸಿಕೊಂಡರು. ಬೀಬಿಜಾನ್ ಹೋದ ಮೇಲೆ ಭಾರತಮ್ಮ ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೋದಳು.

ಹೊತ್ತು ಇಳಿಮುಖವಾಗಿತ್ತು. ಸುಬ್ಬರಾಯಪ್ಪ ಸೊಪ್ಪು ಕೊಯ್ಯುತ್ತಿದ್ದ. ಅವಳು ಪಕ್ಕದ ಸಾಲಿಗಿಳಿದು ಕೊಯ್ಯತೊಡಗಿದಳು.

"ಸೂಜಿ ಬೇಡ ಕಣೇ," ಎಂದ ಅವನೇ, ತಿರುಗದೆ. "ಇಷ್ಟು ವರ್ಷ ಗಂಡಸಾಗಿ ಬಾಳಿದೀನಿ. ಹಂಗೇ ಹೋಗ್ತೀನಿ."

"ನೀವು ನನ್ನ ಮಗ್ಗುಲು ಬಿಟ್ಟು ಎರಡು ವರ್ಷ ಆಯ್ತು. ಆ ಎರಡು ವರ್ಷ ನಾನು ಯಾವ ಗಂಡಸಿನ ಜೊತೆ ಬಾಳ್ದೆ, ಹೇಳಿ."

ಅವನ ಕುಡುಗೋಲು ನಿಂತಿತು. ಯಾರದೋ ಮಾತು ಹೇಳುವವನಂತೆ ಹೇಳಿದ. "ಹುಳುಮನೇಲಿ ಒಂದಿನ ಚಾಪೆ ಒದ್ದೆ ಮಾಡ್ಕೊಂಡೆ. ಎಚ್ಚರಾನೇ ಆಗ್ಲಿಲ್ಲ. ನಿನ್ನ ಪಕ್ಕ ಮಲಗಿದ್ದಾಗ ಹಂಗಾಗಿದ್ರೆ, ಭಾರತಾ, ನಾನು ಬಾವಿ ಹಾರ್ತಿದ್ದೆ."

"ಅದಕ್ಕೆ ಮನೆಗೇ ಬರ್ಲಿಲ್ವಾ."

ತಲೆಯಾಡಿಸಿದ.

ಅವಳಿಗೆ ಬೈಯಬೇಕೆನ್ನಿಸಿತು. ಚಾಪೆ ಒಗೆಯುವುದು ನನಗೆ ಬರುವುದಿಲ್ಲವೇ, ನಿಮ್ಮ ಮಗಳ ಬಟ್ಟೆ ಒಗೆದವಳು ಯಾರು, ಕೊನೆಗಾಲದಲ್ಲಿ ನಿಮ್ಮಮ್ಮನದು ಒಗೆದವಳು ಯಾರು ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಬೇರೆಯೇ ಮಾತು ಬಂತು. ಬಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

"ನನಗೆ ಅದು ಬೇಡ ಅಂತ ಸುಳ್ಳು ಹೇಳಲ್ಲ. ಬೇಕಿತ್ತು. ಈಗ್ಲೂ ಬೇಕು. ಆದ್ರೆ ಅದರ ಜೊತೇಲಿ ನೀವೂ ನಡ್ಕೊಂಡು ಬರ್ತಿದ್ರಿ. ನಾನು ಕಾಯ್ತಿದ್ದದ್ದು ಆ ಹೆಜ್ಜೆಗೆ."

"ಅದು ಹೋದ್ಮೇಲೆ?"

"ಹೋದ್ಮೇಲೆ ಇಬ್ರೂ ಕೂತು ಆಸೆ ಪಡೋಣ. ಒಬ್ಬಳೇ ಆಸೆಪಟ್ಟು ನನಗೆ ಸಾಕಾಗಿದೆ."

ಸುಬ್ಬರಾಯಪ್ಪ ಕೊಯ್ದ ಸೊಪ್ಪನ್ನು ಕಂತೆ ಕಟ್ಟಲು ಹೋದ. ಗಂಟು ಬೀಳಲಿಲ್ಲ. ಅವಳು ಬಂದು ಕಟ್ಟಿದಳು. ಆ ಬೆಳೆ ಮುಗಿದೊಡನೆ ಹುಳುಮನೆ ತೊಳೆದು ಬಾಗಿಲು ಹಾಕಿ, ತೋಟದ ಸೊಪ್ಪನ್ನು ವೆಂಕಟರತ್ನಮ್ಮನಿಗೆ ಒಪ್ಪಿಸಿ ಮಾಲೂರಿಗೆ ಹೊರಟರು. ನಮ್ಮ ಹುಂಜ ಸಿಕ್ತು ಎಂದು ಮಾತ್ರ ಭಾರತಮ್ಮ ಅವಳಿಗೆ ಹೇಳಿದಳು. ಅವಳಿಗೆ ಏನು ತಿಳಿಯಿತೋ, ಜೋಪಾನ ಅಕ್ಕಾ ಎಂದಳು.

ಕರೆಂಟು ಕೊಡಿಸುವುದು ಬೆಂಗಳೂರಿನಲ್ಲಿ, ಇರುವುದು ಮಾಲೂರಿನ ಮಗಳ ಮನೆಯಲ್ಲಿ. ವಾರಕ್ಕೆ ಐದು ದಿನ, ಅಳಿಯ ಕೆಲಸಕ್ಕೆ ಹೋಗುವ ರೈಲಿನಲ್ಲೇ ಗಂಡಹೆಂಡಿರೂ ಹೋಗುವರು. ಬೆಳಿಗ್ಗೆ ರೈಲು ಹೊರಡುವಾಗ ಇಟ್ಟಿಗೆ ಗೂಡುಗಳ ಹೊಗೆ ಮಂಜಿನೊಳಗೆ ಬೆರೆತಿರುತ್ತಿತ್ತು. ಪಕ್ಕಪಕ್ಕ ಕೂತು, ಭುಜಕ್ಕೆ ಭುಜ ತಾಗಿಸಿ, ಕಿಟಕಿಯಾಚೆ ನೋಡುತ್ತಾ ಇಷ್ಟು ಹೊತ್ತು ಇದ್ದದ್ದು ಮದುವೆಯಾದ ಮೇಲೆ ಇದೇ ಮೊದಲು ಎಂದು ಭಾರತಮ್ಮನಿಗೆ ಅನ್ನಿಸುತ್ತಿತ್ತು. ರೋಗಕ್ಕಾಗಿ ಹೋಗುತ್ತಿದ್ದೇವೆಂದು ಮರೆತುಹೋಗುತ್ತಿತ್ತು. ಮರೆತದ್ದು ನೆನಪಾದಾಗ ಪಾಪವಾಯಿತೇನೋ ಎಂದು ಕೆನ್ನೆ ಬಡಿದುಕೊಳ್ಳುತ್ತಿದ್ದಳು.

ಅಲ್ಲಿ ಇನ್ನೊಂದು ಪೇಚು. ಕರೆಂಟು ಕೊಡುವ ಮುಂಚೆ ಹೊಟ್ಟೆ ತುಂಬ ನೀರು ಕುಡಿದು ತಡೆದುಕೊಂಡು ಕೂರಬೇಕು. ಮೂತ್ರಕೋಶ ತುಂಬಿದ್ದರೆ ಕರುಳು ಮೇಲಕ್ಕೆ ಸರಿದು ಕಿರಣ ತಾಗದೆ ಉಳಿಯುತ್ತದಂತೆ. ತಡ್ಕೊಳ್ಳೋಕಾಗ್ದೆ ಬಂದವನಿಗೆ ತಡ್ಕೋ ಅಂತಾರಲ್ಲಾ ಎಂದು ಸುಬ್ಬರಾಯಪ್ಪ ನೀರಿನ ಬಾಟಲಿ ಹಿಡಿದು ಒದ್ದಾಡುತ್ತಿದ್ದ. ಆಗ ಭಾರತಮ್ಮ ಅವನ ಗಮನ ಬೇರೆಡೆ ಹೊರಳಿಸಲು ಕಥೆ ಹೇಳುತ್ತಿದ್ದಳು. ದಾರದ ಅರಮನೆಯ ರಾಜನ ಕಥೆಯನ್ನೂ ಹೇಳಿದಳು. ಕೊಯ್ದರೆ ದಾರ ಹಾಳು, ಬಿಟ್ಟರೆ ರಾಜ ಹಾಳು ಎನ್ನುವಲ್ಲಿಗೆ ನಿಲ್ಲಿಸಿ, ಮಿಕ್ಕಿದ್ದು ನನಗೂ ಗೊತ್ತಿಲ್ಲ ಎಂದಳು.

ಅವನು ಕಣ್ಣು ಮುಚ್ಚಿ ಯೋಚಿಸಿದ. "ಕೊಯ್ಯೋದ್ಯಾಕೆ? ಬಿಸಿನೀರಿಗೆ ಹಾಕಿದ್ರೆ ದಾರದ ತುದಿ ತಾನೇ ಮೇಲೆ ಬರುತ್ತೆ. ಹಿಡ್ಕೊಂಡು ಸುತ್ತಿಕೊಳ್ತಾ ಹೋಗೋದು. ಖುದ್ದೂಸ ದಿನಾ ಮಾಡೋದು ಅದೇ ಅಲ್ವಾ."

"ಬಿಸಿನೀರಲ್ಲಿ ರಾಜ ಬೆಂದುಹೋಗಲ್ವಾ?"

"ಸ್ವಲ್ಪ ಬೇಯ್ತಾನೆ," ಎಂದು ಅವನು ಎದ್ದ. ಒಳಗಿನಿಂದ ಹೆಸರು ಕರೆದಿದ್ದರು.

ಬೇಯುವುದೂ ಶುರುವಾಯಿತು. ಇಂಜೆಕ್ಷನ್ ಮೈಗೆ ಹತ್ತಿದ ಮೇಲೆ ಇದ್ದಕ್ಕಿದ್ದಂತೆ ಅವನ ಎದೆಯಿಂದ ಕಾವೆದ್ದು ಕುತ್ತಿಗೆ, ಕಿವಿ, ನೆತ್ತಿ ತನಕ ಏರುತ್ತಿತ್ತು. ಮೊದಲ ಸಲ ರೈಲಿನಲ್ಲೇ ಆಯಿತು. ಕಿಟಕಿಯಲ್ಲಿ ಚಳಿಗಾಳಿ ಬರುತ್ತಿದ್ದರೂ ಅಂಗಿ ತೊಯ್ದು ಬೆನ್ನಿಗೆ ಅಂಟಿತು. ಅವನು ಗಾಬರಿಯಾಗಿ ಅವಳ ಮೊಣಕೈ ಹಿಡಿದ. ಭಾರತಮ್ಮ ಅವನ ಮುಖ ನೋಡಿದಳು. ಅದು ಅವಳಿಗೆ ಹಳೇ ಪರಿಚಯದ ಕಾವು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಅವಳೂ ಹೀಗೇ ಬೆಂದಿದ್ದಳು. ಒಲೆ ಮುಂದೆ ಕೂರಲಾಗದೆ ಹಿತ್ತಿಲಿಗೆ ಓಡುತ್ತಿದ್ದಳು. ಆಗ ಇದೇ ಗಂಡ, ಮೆಣಸಿನಕಾಯಿ ಜಾಸ್ತಿ ತಿಂದಿರ್ತೀಯ ಎಂದು ನಕ್ಕಿದ್ದ.

"ಮೆಣಸಿನಕಾಯಿ ಜಾಸ್ತಿ ಆಗಿರಬೇಕು," ಎಂದಳು ಅವಳು, ಸೆರಗಿನಿಂದ ಗಾಳಿ ಬೀಸುತ್ತಾ.

ಅವನಿಗೆ ಎಲ್ಲವೂ ಒಟ್ಟಿಗೇ ನೆನಪಾಯಿತು ಕಾಣುತ್ತದೆ. ತುಂಬಿದ ರೈಲು ಡಬ್ಬಿಯಲ್ಲಿ, ಅಳಿಯನ ಎದುರಿಗೇ, ಅವಳ ಕೈಯನ್ನು ತೆಗೆದು ತನ್ನ ಒದ್ದೆ ಕೆನ್ನೆಗೆ ಇಟ್ಟುಕೊಂಡ. "ಆವತ್ತು ನಿನಗೆ ಇಷ್ಟೊಂದು ಆಗ್ತಿತ್ತಾ?" ಎಂದು ಕೇಳಿದ. ಮುರಳಿಮೋಹನ್ ಮೊಬೈಲಿನೊಳಗೆ ತಲೆ ಹುದುಗಿಸಿದ.

ಊರಿಗೆ ಹಿಂತಿರುಗುವಾಗ ಪುಷ್ಯದ ಚಳಿ. ರಕ್ತದ ಲೆಕ್ಕ ಇಳಿದಿತ್ತು; ಇಂಜೆಕ್ಷನ್ ಇನ್ನೂ ವರ್ಷಗಟ್ಟಲೆ ಇತ್ತು. ಧಾರೆ ಸ್ವಲ್ಪ ಬಿಡಿಸಿಕೊಂಡಿತ್ತು, ಮೈ ದಣಿದಿತ್ತು, ಎದೆಯ ಮೇಲಿನ ಕೂದಲು ಮೆತ್ತಗಾಗಿತ್ತು. ಅವನು ಮನೆಯಲ್ಲೇ ಮಲಗಿದ. ಹೊಸದರಂತೆ ಉಳಿದಿದ್ದ ಅರ್ಧ ಚಾಪೆಯ ಮೇಲೆ, ಅಡಿಗೆ ರಬ್ಬರ್ ಹಾಳೆ ಹಾಸಿ. ಹಾಸಿದವಳು ಅವಳು, ಅವನು ನೋಡಿಯೂ ನೋಡದವನಂತೆ ಬಂದು ಮಲಗಿದ. ಮೊದಲ ದಿನ ಇಬ್ಬರಿಗೂ ನಿದ್ದೆ ಬರಲಿಲ್ಲ. ಮುಟ್ಟಿದ್ದು ಕೈ ಮಾತ್ರ.

ತೋಟ ಸೊಪ್ಪು ತುಂಬಿ ನಿಂತಿರುವಾಗ ಸುಮ್ಮನಿರಲಾಗದೆ ಒಂದು ಬೆಳೆ ಹಾಕಿದರು. ಚಳಿಗಾಲಕ್ಕೆ ಹುಳುಮನೆಯಲ್ಲಿ ಇದ್ದಿಲ ಬೆಂಕಿ ಇಡಬೇಕು. ಸುಬ್ಬರಾಯಪ್ಪ ಒಳಗೆ ಹೋದರೆ, ಹೊರಗಿನ ಕಾವಿಗೆ ಒಳಗಿನ ಕಾವು ಸೇರಿ, ಅರ್ಧ ತಟ್ಟೆಗೆ ಸೊಪ್ಪು ಹಾಕುವಷ್ಟರಲ್ಲಿ ಓಡಿಬರುತ್ತಿದ್ದ. ಕೊನೆಗೆ ಭಾರತಮ್ಮನೇ ಹುಳು ವಹಿಸಿಕೊಂಡಳು. ಸೊಪ್ಪು ಹಾಕಿದಳು, ಹಿಕ್ಕೆ ತೆಗೆದಳು, ಮೂರನೇ ಜ್ವರ ದಾಟಿಸಿದಳು. ದಾಟಿಸಿದ ಮೇಲೆ ನೇಮ ನೆನಪಾಯಿತು. ಹುಳು ನೋಡುವವರು ಜೋಡಿಯ ಮಗ್ಗುಲಲ್ಲಿ ಮಲಗಬಾರದು. ಬೆಳೆ ಕೆಟ್ಟರೆ ನನ್ನ ಮೇಲೆ ಬರುತ್ತದೆಂದು ಅವಳಿಗೇ ಅಳುಕು. ಬೇರೊಂದು ಚಾಪೆ ಸುತ್ತಿಕೊಂಡು ಹುಳುಮನೆಗೆ ಹೊರಟಳು. ಅವನು ಬಾಗಿಲಲ್ಲಿ ನಿಂತು ನೋಡಿದ, ಬೇಡ ಅನ್ನಲಿಲ್ಲ. ಏಳು ಸಮುದ್ರ ಮತ್ತೆ ತುಂಬಿಕೊಂಡಿತು. ಈ ಸಲ ದಡ ಮಾತ್ರ ಅದಲುಬದಲು.

ಹುಳು ಹಣ್ಣಾಗಿ ಗೂಡು ಕಟ್ಟಲು ಸಜ್ಜಾದ ದಿನ ಮಧ್ಯಾಹ್ನ ಅವನು ಮುದ್ದೆ ಸಾರು ಹಿಡಿದುಕೊಂಡು ಬಂದ. ಸುಣ್ಣ ತುಳಿದು ಒಳಗೆ ಬಂದು, ಬೆವರುತ್ತಲೇ ಅವಳ ಜೊತೆ ಕೂತು, ಹಣ್ಣು ಹುಳುಗಳನ್ನು ಆರಿಸಿ ಗೂಡು ಕಟ್ಟಿಸುವ ಬಿದಿರಿನ ತಟ್ಟಿ, ಚಂದ್ರಿಕೆಯ ಮೇಲೆ ಬಿಟ್ಟ. ಜೇನಿನ ಬಣ್ಣದ, ಬೆಳಕು ಹಾಯುವಂಥ ಹುಳುಗಳು. ಬಿಟ್ಟೊಡನೆ ತಲೆಯಾಡಿಸಿ ಗಾಳಿಯಲ್ಲಿ ಜಾಗ ಹುಡುಕಿ ದಾರ ಬಿಡತೊಡಗಿದವು.

"ಇನ್ನು ಮೇಲೆ ನನ್ನಿಂದ ಹುಳಕ್ಕೆ ಯಾವ ಮೈಲಿಗೆನೂ ಇಲ್ಲ ಬಿಡು," ಎಂದ. ನಗೆಯಂತೆಯೇ ಹೇಳಿದ.

ಅವನು ಪಾತ್ರೆ ಎತ್ತಿಕೊಂಡು ಹೋದ ಮೇಲೆ ಆ ಮಾತು ಅಲ್ಲೇ ಉಳಿಯಿತು. ಹೊರಗೆ ಬಂದು ನೋಡಿದಳು. ಹೊತ್ತು ಮುಳುಗುತ್ತಿತ್ತು. ಹೊಸ್ತಿಲಿಂದ ಮನೆಯ ಬಾಗಿಲ ತನಕ ಬೆಳ್ಳನೆ ಹೆಜ್ಜೆಗಳು. ಮೊದಲಿನಂತೆ ದಾಪುಗಾಲಿನವಲ್ಲ, ಒಂದು ಕಾಲು ತುಸು ಎಳೆದ, ದಣಿದ ಹೆಜ್ಜೆಗಳು. ಆದರೂ ಅವನವೇ. ಎಷ್ಟೋ ವರ್ಷದ ಮೇಲೆ ಅವು ಮನೆಯ ಕಡೆಗೆ ಹೋಗಿದ್ದವು.

ಭಾರತಮ್ಮ ಸುಣ್ಣದ ಮೇಲೆ ಎರಡೂ ಕಾಲಿಟ್ಟಳು. ಅತ್ತೆ ಇದ್ದಿದ್ದರೆ ಏನನ್ನುತ್ತಿದ್ದಳೋ ಅದನ್ನು ನೆನೆದು, ಐವತ್ತು ದಾಟಿದ ಹೆಂಗಸು, ಹದಿಹರೆಯದವಳಂತೆ ಅತ್ತಿತ್ತ ನೋಡಿದಳು. ಅವನ ಒಂದೊಂದು ಹೆಜ್ಜೆಯ ಮೇಲೆ ತನ್ನ ಒಂದೊಂದು ಹೆಜ್ಜೆ ಇಡುತ್ತಾ, ಹೊಂಗೆಮರ ದಾಟಿ, ತೊಟ್ಟಿ ದಾಟಿ, ಮನೆಯೊಳಕ್ಕೆ ನಡೆದಳು.

ಅವನು ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಸದ್ದು ಕೇಳಿ ತಿರುಗಿದ. ಹುಳು, ಎಂದು ಶುರು ಮಾಡಿದವನು ಅವಳ ಬೆಳ್ಳನೆ ಪಾದ ನೋಡಿ ನಿಲ್ಲಿಸಿದ. ಸರಿದು ಜಾಗ ಬಿಟ್ಟ. ಅವಳು ಮಲಗಲು ಹೋದವಳು, ಅಭ್ಯಾಸಬಲದಿಂದ, ನೆಲದ ಮೇಲಿನ ಸುಣ್ಣ ಒರೆಸಲು ಬಟ್ಟೆಗಾಗಿ ಕೈ ಚಾಚಿದಳು.

"ಒರೆಸಬೇಡ," ಎಂದ. "ಇರ್ಲಿ."

ಅವಳು ಅವನ ಎದೆಯ ಮೇಲೆ ತಲೆಯಿಟ್ಟಳು. ಅಲ್ಲಿ ಕಾವೇಳುತ್ತಿತ್ತು, ಹಳೆಯ ಕಾವಲ್ಲ ಅದು, ಅವಳು ಕಾದಿದ್ದ ಕಾವಲ್ಲ. ಆ ಹಳೆಯದು ಮತ್ತೆ ಬರುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿರಲಿಲ್ಲ. ಅವಳು ಸೆರಗಿನ ತುದಿ ಹಿಡಿದು ಮೆಲ್ಲಗೆ ಗಾಳಿ ಬೀಸಿದಳು. ತೋಟದಾಚೆ, ಬಾಗಿಲು ತೆರೆದೇ ಬಿಟ್ಟಿದ್ದ ಹುಳುಮನೆಯಲ್ಲಿ, ಯಾರೂ ನೋಡದಿದ್ದರೂ, ಹುಳುಗಳು ದಾರ ಬಿಡುತ್ತಲೇ ಇದ್ದವು.